ಚುಚ್ಚುಮದ್ದಿನ ಆ್ಯಂಟಿಬಯಾಟಿಕ್: ರಾಮಾಪುರದಿಂದ ನೋಡಿದಂತೆ

ಬ್ಯಾಕ್ಟೀರಿಯಾ ಸೋಂಕು ಜೀವಕ್ಕೆ ಕುತ್ತು ತರುವ ಹಂತ ಮುಟ್ಟಿದಾಗ ರಕ್ತನಾಳಕ್ಕೋ ಸ್ನಾಯುವಿಗೋ ನೇರವಾಗಿ ಕೊಡುವ ಪ್ರತಿಜೈವಿಕ ಔಷಧವನ್ನು ಚುಚ್ಚುಮದ್ದಿನ ಆ್ಯಂಟಿಬಯಾಟಿಕ್ ಎನ್ನುತ್ತಾರೆ. ಪೆನಿಸಿಲಿನ್, ಆಂಪಿಸಿಲಿನ್, ಜೆಂಟಾಮೈಸಿನ್, ಅಮಿಕಾಸಿನ್, ಸೆಫ್ಟ್ರಿಯಾಕ್ಸೋನ್, ಪಿಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್, ಮೆರೊಪೆನೆಮ್, ವ್ಯಾಂಕೊಮೈಸಿನ್, ಕೊಲಿಸ್ಟಿನ್ ಇವುಗಳಲ್ಲಿ ಮುಖ್ಯವಾದವು. ಊರಿನ ಬಾಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು: ಸೂಜಿ. ‘ಮಾತ್ರೆಗೆ ಬಗ್ಗಲಿಲ್ಲ, ಸೂಜಿ ಹಾಕಿದ ಮೇಲೆ ಇಳೀತು’ ಎಂಬ ಮಾತಿನಲ್ಲಿ ಒಂದು ಸಿದ್ಧಾಂತವೇ ಅಡಗಿದೆ. ಮಾತ್ರೆ ಬಡಪಾಯಿ, ಸೂಜಿ ಬಲಶಾಲಿ ಎಂಬುದು ಆ ಸಿದ್ಧಾಂತ. ವೈದ್ಯವಿಜ್ಞಾನ ಕಳೆದ ಎಂಟು ದಶಕಗಳಲ್ಲಿ ಕಲಿತದ್ದು ಇದಕ್ಕಿಂತ ಬೇರೆ. ಸೂಜಿಯ ಬೆಲೆ ಇರುವುದು ಔಷಧವನ್ನು ಅದು ಎಲ್ಲಿಗೆ, ಎಷ್ಟು ಹೊತ್ತಿನೊಳಗೆ ತಲುಪಿಸುತ್ತದೆ ಎಂಬುದರಲ್ಲಿ. ದಾರಿ ಮತ್ತು ಹೊತ್ತು ಎಂಬ ಈ ಎರಡು ಸಂಗತಿಗಳನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ನೋಡುವುದಕ್ಕಿಂತ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ರಾಮಾಪುರದಲ್ಲಿ ನಿಂತು ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತವೆ. ರಾಮಾಪುರ ಮಲೆಮಹದೇಶ್ವರ ಬೆಟ್ಟದ ಕಾಡಿಗೂ ತಮಿಳುನಾಡಿನ ಗಡಿಗೂ ಹತ್ತಿರದ ಹೋಬಳಿ ಊರು. ದೊಡ್ಡಾಸ್ಪತ್ರೆ ಇಲ್ಲಿಂದ ದೂರ.

ಕೆಲವು ಔಷಧಗಳನ್ನು ಚುಚ್ಚಿಯೇ ಕೊಡಬೇಕಾದುದಕ್ಕೆ ಕಾರಣ ಅವುಗಳ ರಸಾಯನದಲ್ಲಿದೆ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಗುರುತಿಸಿದ ಪೆನಿಸಿಲಿನ್‌ನ ಮೊದಲ ರೂಪವನ್ನು ಜಠರದ ಆಮ್ಲ ಮುರಿದುಹಾಕುತ್ತದೆ. ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಆದ್ದರಿಂದ ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೇನ್, ಹೀಟ್ಲಿ ಅವರ ತಂಡ 1941ರ ಫೆಬ್ರವರಿ 12ರಂದು ಅದನ್ನು ರೋಗಿಯೊಬ್ಬನಿಗೆ ರಕ್ತನಾಳದ ಮೂಲಕವೇ ಕೊಟ್ಟಿತು. ಆತ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆ. ಮುಖದಿಂದ ಹಬ್ಬಿದ ಕೀವು ಆಗಲೇ ಅವನ ಕಣ್ಣಿಗೂ ಶ್ವಾಸಕೋಶಕ್ಕೂ ಇಳಿದಿತ್ತು. ಒಂದೆರಡು ದಿನದಲ್ಲೇ ಜ್ವರ ಇಳಿಯಿತು, ಹಸಿವು ಮರಳಿತು. ದಾಸ್ತಾನು ಎಷ್ಟು ಕಡಿಮೆಯಿತ್ತೆಂದರೆ ಅವನ ಮೂತ್ರದಿಂದ ಔಷಧವನ್ನು ಮತ್ತೆ ಬೇರ್ಪಡಿಸಿ ಅವನಿಗೇ ಕೊಟ್ಟರು. ಐದು ದಿನಕ್ಕೆ ಅದೂ ಮುಗಿಯಿತು, ಸೋಂಕು ಮರುಕಳಿಸಿತು, ಮಾರ್ಚ್ 15ರಂದು ಅವನು ತೀರಿಕೊಂಡ. ಚುಚ್ಚುಮದ್ದಿನ ಚರಿತ್ರೆಯ ಮೊದಲ ಪುಟದಲ್ಲೇ ಅದರ ಪವಾಡವೂ ಇದೆ, ಪೂರೈಕೆ ನಿಂತರೆ ಆಗುವ ಅನಾಹುತವೂ ಇದೆ. ಆಮೇಲೆ ಬಂದ ಸ್ಟ್ರೆಪ್ಟೊಮೈಸಿನ್, 1963ರಲ್ಲಿ ಪ್ರಕಟವಾದ ಜೆಂಟಾಮೈಸಿನ್ ಕರುಳಿನ ಗೋಡೆಯನ್ನು ದಾಟಲಾರವು. ವ್ಯಾಂಕೊಮೈಸಿನ್ ಕತೆಯೂ ಹಾಗೆಯೇ. ಕರುಳಿನೊಳಗಿನ ಒಂದು ಬಗೆಯ ಸೋಂಕಿಗೆ ಅದನ್ನು ನುಂಗಿಸುತ್ತಾರೆ, ರಕ್ತದ ಸೋಂಕಿಗೆ ನುಂಗಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. 1980ರ ದಶಕದ ಮೊದಲಲ್ಲಿ ಬಳಕೆಗೆ ಬಂದ ಸೆಫ್ಟ್ರಿಯಾಕ್ಸೋನ್ ಕೂಡ ಬಾಯಿಯ ದಾರಿಗೆ ಒಗ್ಗದ ಔಷಧವೇ. ಆದರೆ ಅದಕ್ಕೊಂದು ವಿಶೇಷ ಗುಣವಿದೆ. ರಕ್ತದ ಪ್ರೋಟೀನುಗಳಿಗೆ ಗಟ್ಟಿಯಾಗಿ ಅಂಟಿಕೊಂಡು ನಿಧಾನವಾಗಿ ಹೊರಹೋಗುತ್ತದೆ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 8 ಗಂಟೆ ಬೇಕು. ಹಾಗಾಗಿ ಹೆಚ್ಚಿನ ಕಾಯಿಲೆಗಳಿಗೆ ದಿನಕ್ಕೊಂದು ಬಾರಿ ಕೊಟ್ಟರೆ ಸಾಕು. ಸೀಸೆಯಲ್ಲಿ ಒಣ ಪುಡಿಯಾಗಿ ಬರುತ್ತದೆ, ಫ್ರಿಜ್ ಬೇಡ. ಒಂದು ಗ್ರಾಂ ಸೀಸೆಯ ಬೆಲೆ ನೂರು ರೂಪಾಯಿ ದಾಟುವುದಿಲ್ಲ. ಹಳ್ಳಿಯ ಆಸ್ಪತ್ರೆಗೆ ಇದಕ್ಕಿಂತ ಹೇಳಿಮಾಡಿಸಿದ ಔಷಧ ಕಷ್ಟ. ಅದರ ದುರ್ಬಳಕೆಗೂ ಕಾರಣ ಇದೇ ಅನುಕೂಲ.

ಚುಚ್ಚಿಯೇ ಕೊಡಬೇಕಾದ ಔಷಧಗಳಿವೆ ಎಂದಮಾತ್ರಕ್ಕೆ ಚುಚ್ಚಿದ್ದೆಲ್ಲ ಹೆಚ್ಚು ಬಲದ್ದು ಎಂದಾಗುವುದಿಲ್ಲ. ಲೆವೊಫ್ಲಾಕ್ಸಾಸಿನ್, ಲಿನೆಜೋಲಿಡ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ನುಂಗಿದರೂ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತವೆ. ರೋಗಿಗೆ ನುಂಗಲು ಆಗುತ್ತಿದ್ದು, ಕರುಳು ಕೆಲಸ ಮಾಡುತ್ತಿದ್ದರೆ ಅವನ್ನು ಬಾಟಲಿಯಲ್ಲಿ ಏರಿಸಿ ಗಳಿಸುವುದು ಏನೂ ಇಲ್ಲ. ವಾರಗಟ್ಟಲೆ ಸೂಜಿಯೇ ಗತಿ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಮೂಳೆ ಮತ್ತು ಕೀಲಿನ ಸೋಂಕುಗಳ ಬಗ್ಗೆ ಬ್ರಿಟನ್ನಿನಲ್ಲಿ 1,054 ರೋಗಿಗಳ ಮೇಲೆ ನಡೆದ ಓವಿವಾ ಪ್ರಯೋಗದ ಫಲಿತಾಂಶ 2019ರಲ್ಲಿ ಹೊರಬಂತು. ಸೂಜಿ ಪಡೆದವರಲ್ಲಿ ಚಿಕಿತ್ಸೆ ಸೋತದ್ದು 14.6%, ಮಾತ್ರೆ ಪಡೆದವರಲ್ಲಿ 13.2%. ಹೃದಯದ ಕವಾಟದ ಸೋಂಕಿನಲ್ಲೂ, ಮೊದಲ ದಿನಗಳ ಸೂಜಿಯಿಂದ ರೋಗಿ ಚೇತರಿಸಿಕೊಂಡ ಮೇಲೆ ಮಾತ್ರೆಗೆ ಬದಲಿಸಬಹುದೆಂದು ಡೆನ್ಮಾರ್ಕಿನ 400 ರೋಗಿಗಳ ಪೋಯಟ್ ಪ್ರಯೋಗ ತೋರಿಸಿತು. ಕ್ಷಯದ ಕತೆ ಇನ್ನೂ ಖಾರವಾದದ್ದು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ತಿಂಗಳುಗಟ್ಟಲೆ ಕನಮೈಸಿನ್ ಚುಚ್ಚುತ್ತಿದ್ದರು, ರೋಗಿಗಳು ಕಿವುಡರಾಗುತ್ತಿದ್ದರು. ಬೆಡಾಕ್ವಿಲಿನ್ ಮಾತ್ರೆ ಬಂದ ಮೇಲೆ, 2018ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಕನಮೈಸಿನ್ ಬೇಡವೆಂದಿತು. ಸೂಜಿಯನ್ನು ಕೈಬಿಟ್ಟದ್ದೇ ಅಲ್ಲಿ ಸುಧಾರಣೆ. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ರಾಮಾಪುರದ ನೆರೆಯ ಯಳಂದೂರು ತಾಲ್ಲೂಕಿನಲ್ಲಿ 1980ರ ದಶಕದಲ್ಲಿ ಕುಷ್ಠರೋಗ ತೀವ್ರವಾಗಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ಡಾ. ಎಚ್. ಸುದರ್ಶನ್ ಆ ಕಾಯಿಲೆಯನ್ನು ಎದುರಿಸಲೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದರು. ಬಳಸಿದ್ದು ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್ ಸೇರಿದ ಬಹುಔಷಧ ಚಿಕಿತ್ಸೆ, ಎಲ್ಲವೂ ನುಂಗುವಂಥವು. ಈ ಸೀಮೆ ಕಂಡ ಅತ್ಯಂತ ಹಠಮಾರಿ ಬ್ಯಾಕ್ಟೀರಿಯಾ ಕಾಯಿಲೆಯನ್ನು ಹಿಮ್ಮೆಟ್ಟಿಸಿದ್ದು ಮಾತ್ರೆಯ ಪಟ್ಟಿ, ಮತ್ತು ಅದನ್ನು ಮನೆಮನೆಗೆ ಹೊತ್ತ ಕಾಲುಗಳು.

ತಪ್ಪು ಔಷಧವನ್ನು ಎಷ್ಟು ಚುಚ್ಚಿದರೂ ಅದು ತಪ್ಪು ಔಷಧವೇ ಎಂಬುದಕ್ಕೆ ಕಾಡಂಚಿನ ಜ್ವರಗಳು ಸಾಕ್ಷಿ. ಪೊದೆಗಳಲ್ಲಿರುವ ಸಣ್ಣ ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ದಕ್ಷಿಣ ಕರ್ನಾಟಕದಲ್ಲಿ ಅಪರೂಪವೇನಲ್ಲ. ಅದರ ರೋಗಾಣು ಜೀವಕೋಶದ ಒಳಗೆ ಅಡಗಿ ಬೆಳೆಯುತ್ತದೆ, ಅದರ ಮೇಲೆ ಸೆಫ್ಟ್ರಿಯಾಕ್ಸೋನ್ ಕೆಲಸ ಮಾಡುವುದಿಲ್ಲ. ಐದು ದಿನ ಸೂಜಿ ಹಾಕಿಸಿಕೊಂಡೂ ಜ್ವರ ಇಳಿಯದವರು ಕೆಲವು ರೂಪಾಯಿಯ ಡಾಕ್ಸಿಸೈಕ್ಲಿನ್ ಗುಳಿಗೆಯಿಂದ ಎರಡೇ ದಿನದಲ್ಲಿ ಎದ್ದು ಕೂರುವುದು ಈ ಕಾರಣಕ್ಕೆ. ಹಾಗೆಂದು ಅದಕ್ಕೂ ಸೂಜಿ ಬೇಡವೇ ಬೇಡ ಎನ್ನಲಾಗದು. ಉಸಿರಾಟ, ಮೂತ್ರಪಿಂಡ, ಮಿದುಳು ಕೆಡುವ ಹಂತದ ಸ್ಕ್ರಬ್ ಟೈಫಸ್ ಬಗ್ಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮುಂದಾಳತ್ವದಲ್ಲಿ ಭಾರತದ ಹಲವು ಆಸ್ಪತ್ರೆಗಳು ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಡಾಕ್ಸಿಸೈಕ್ಲಿನ್ ಮತ್ತು ಅಜಿಥ್ರೊಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಜೊತೆಯಾಗಿ ಕೊಟ್ಟಾಗ ಸಾವು, ಬಿಡದ ತೊಡಕು, ಇಳಿಯದ ಜ್ವರ ಇವುಗಳಲ್ಲಿ ಒಂದಾದರೂ ಕಂಡದ್ದು 33% ರೋಗಿಗಳಲ್ಲಿ. ಒಂದೊಂದನ್ನೇ ಕೊಟ್ಟಾಗ ಅದು 47-48% ಇತ್ತು. ಹದಗೆಟ್ಟ ರೋಗಿಯ ಕರುಳನ್ನು ನಂಬುವಂತಿಲ್ಲವಾದ್ದರಿಂದ ಅಲ್ಲಿ ಸೂಜಿ ಬೇಕಾಯಿತು. ಗೆದ್ದದ್ದು ಮಾತ್ರ ಸರಿಯಾದ ಔಷಧಗಳ ಜೋಡಿ. ಇನ್ನು 2012ರ ಕೊನೆಯಲ್ಲಿ ಇದೇ ಜಿಲ್ಲೆಯ ಬಂಡೀಪುರದಲ್ಲಿ ಮಂಗಗಳನ್ನು ಕೊಂದು ಸುದ್ದಿಯಾದ ಕ್ಯಾಸನೂರು ಕಾಡಿನ ಕಾಯಿಲೆ ವೈರಸ್ಸಿನದು. ಡೆಂಗಿ, ಚಿಕೂನ್‌ಗುನ್ಯಾ ಕೂಡ ವೈರಸ್ಸಿನವೇ. ಇವುಗಳ ಮುಂದೆ ಯಾವ ಆ್ಯಂಟಿಬಯಾಟಿಕ್ಕೂ, ಯಾವ ದಾರಿಯಲ್ಲಿ ಹೋದರೂ, ನೀರಿಗೆ ಸಮ.

ಹಾಗಿದ್ದೂ ಸೂಜಿಯ ಮೇಲಿನ ನಂಬಿಕೆ ಯಾಕೆ ಕರಗುವುದಿಲ್ಲ? ಅದನ್ನು ಹಳ್ಳಿಯವರ ಅಜ್ಞಾನ ಎಂದು ತಳ್ಳಿಹಾಕುವುದು ಪಟ್ಟಣದವರ ಸೋಮಾರಿತನ. ಆ ನಂಬಿಕೆಯ ಹಿಂದೆ ಲೆಕ್ಕಾಚಾರವಿದೆ. ಕಲ್ಲುಕೋರೆಗೋ ಜೋಳದ ಹೊಲಕ್ಕೋ ಕೂಲಿಗೆ ಹೋಗುವವರಿಗೆ ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು. ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಎಂದು ಮೂರು ದಿನ ಕಾಯುವಷ್ಟು ಪುರುಸೊತ್ತು ಅವರಲ್ಲಿಲ್ಲ. ಸೂಜಿಯ ಜೊತೆ ಹಾಕುವ ಜ್ವರದ ಔಷಧದಿಂದ ಗಂಟೆಯೊಳಗೆ ಮೈ ತಣ್ಣಗಾಗುತ್ತದೆ, ಅದರ ಕೀರ್ತಿ ಆ್ಯಂಟಿಬಯಾಟಿಕ್ಕಿಗೆ ಸಲ್ಲುತ್ತದೆ. ಸೂಜಿ ಹಾಕದ ವೈದ್ಯರ ಬಳಿ ಜನ ಮತ್ತೆ ಬರುವುದಿಲ್ಲ, ಹಾಕಿದವರ ಬಳಿ ಸಾಲು ನಿಲ್ಲುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಇಂಡಿಯಾಕ್ಲೆನ್ ಜಾಲದ ವೈದ್ಯರು ದೇಶದ ಉದ್ದಗಲಕ್ಕೂ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಚುಚ್ಚುಮದ್ದುಗಳು ಬಳಕೆಯಾಗುತ್ತಿದ್ದವು. ಅವುಗಳಲ್ಲಿ ಮೂರರಲ್ಲಿ ಎರಡರಷ್ಟು ಸುರಕ್ಷಿತ ರೀತಿಯವಲ್ಲ. ಎಲ್ಲವೂ ಆ್ಯಂಟಿಬಯಾಟಿಕ್ ಅಲ್ಲ, ನಿಜ. ಆದರೂ ಮೈಗೆ ಸೂಜಿ ತಾಗದೆ ಚಿಕಿತ್ಸೆ ಪೂರ್ತಿಯಾಗುವುದಿಲ್ಲ ಎಂಬ ಭಾವ ಎಷ್ಟು ಆಳಕ್ಕಿಳಿದಿದೆ ಎಂಬುದಕ್ಕೆ ಆ ಅಂಕಿ ಸಾಕು.

ಇದಿಷ್ಟನ್ನೂ ಓದಿದವರು ಸೂಜಿ ಬೇಡವೆಂಬ ವಾದ ಇದು ಎಂದುಕೊಂಡರೆ ಅರ್ಧ ಮಾತ್ರ ಕೇಳಿದಂತಾಯಿತು. ಸೂಜಿಯಿಲ್ಲದೆ ಜೀವ ಉಳಿಯದ ಕಾಯಿಲೆಗಳು ಇದ್ದೇ ಇವೆ. ಸೋಂಕಿಗೆ ಪ್ರತಿಯಾಗಿ ದೇಹವೇ ಹದತಪ್ಪಿ ರಕ್ತದೊತ್ತಡ ಕುಸಿಯುವ, ಅಂಗಾಂಗಗಳು ಸೋಲುವ ಸೆಪ್ಸಿಸ್, ಅಂದರೆ ರಕ್ತನಂಜು, ಅದರಲ್ಲಿ ಮೊದಲನೆಯದು. ಅಲ್ಲಿ ಕರುಳಿಗೆ ಹರಿಯುವ ರಕ್ತವೇ ಕಡಿಮೆ, ನುಂಗಿದ ಮಾತ್ರೆ ಯಾವಾಗ ರಕ್ತಕ್ಕೆ ಸೇರೀತೆಂದು ಹೇಳಲಾಗದು. ಮಿದುಳುಪೊರೆಯ ಉರಿಯೂತದಲ್ಲಿ ಮಿದುಳಿನ ಸುತ್ತಲ ದ್ರವಕ್ಕೆ ಸಾಕಷ್ಟು ಔಷಧ ನುಗ್ಗಬೇಕಾದರೆ ರಕ್ತದಲ್ಲಿ ಅದರ ಮಟ್ಟ ಬಹಳ ಮೇಲಿರಬೇಕು, ಅದಕ್ಕೆಂದೇ ಸೆಫ್ಟ್ರಿಯಾಕ್ಸೋನನ್ನು ದೊಡ್ಡವರಿಗೆ 12 ಗಂಟೆಗೊಮ್ಮೆ 2 ಗ್ರಾಂನಂತೆ ಕೊಡುತ್ತಾರೆ. ಕರಾವಳಿಯ ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಮಳೆಗಾಲದಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಕಾಣುವ ಮೆಲಿಯಾಯ್ಡೋಸಿಸ್ ಇನ್ನೊಂದು ಪಾಠ ಹೇಳುತ್ತದೆ. ಮಣ್ಣು-ನೀರಿನಿಂದ ಬರುವ ಆ ಸೋಂಕಿಗೆ ಜೆಂಟಾಮೈಸಿನ್ ತಾಗುವುದಿಲ್ಲ, ಸೆಫ್ಟ್ರಿಯಾಕ್ಸೋನ್ ಸಾಲದು, ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಕನಿಷ್ಠ 10-14 ದಿನ ಬೇಕು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಥಾಯ್ಲೆಂಡಿನಲ್ಲಿ 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೆಫ್ಟಾಜಿಡೈಮಿಗೆ ಬದಲಿಸಿದ್ದರಿಂದ ಸಾವು ಅರ್ಧಕ್ಕೆ ಇಳಿಯಿತು. ಹಳೆಯ ಚಿಕಿತ್ಸೆಯೂ ಸೂಜಿಯ ಮೂಲಕವೇ ಇತ್ತು ಎಂಬುದನ್ನು ನೆನಪಿಡಬೇಕು.

ಆದರೆ ರಾಮಾಪುರದಂಥ ಊರಿಗೆ ಎಲ್ಲಕ್ಕಿಂತ ಹತ್ತಿರದ ಸಾಕ್ಷ್ಯ ಇರುವುದು ಹಸುಗೂಸುಗಳ ವಿಚಾರದಲ್ಲಿ. ಹುಟ್ಟಿದ ಮೊದಲ ತಿಂಗಳ ರಕ್ತನಂಜು ಗಂಟೆಗಳ ಲೆಕ್ಕದಲ್ಲಿ ಕೊಲ್ಲುತ್ತದೆ. ಮಗು ಹಾಲು ಬಿಡುತ್ತದೆ, ಮೈ ತಣ್ಣಗಾಗುತ್ತದೆ, ಎದೆಗೂಡು ಒಳಸೇದುತ್ತದೆ, ಅಷ್ಟೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ಸಂಗಡಿಗರು ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು, ಲಕ್ಷಣ ಗುರುತಿಸಿ ಮನೆಯಲ್ಲೇ ಜೆಂಟಾಮೈಸಿನ್ ಚುಚ್ಚುವುದನ್ನು, ಜೊತೆಗೆ ಬಾಯಿಯ ಔಷಧ ಕೊಡುವುದನ್ನು ಕಲಿಸಿದರು. ಅದರ ಫಲಿತಾಂಶ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮನೆಮಟ್ಟದ ಈ ಆರೈಕೆ ನಡೆದ 39 ಹಳ್ಳಿಗಳಲ್ಲಿ ನವಜಾತ ಶಿಶುಮರಣ 62% ತಗ್ಗಿತ್ತು, ನಂಜು ತಗುಲಿದ ಮಕ್ಕಳಲ್ಲಿ ಸಾವಿನ ಪ್ರಮಾಣ 16.6%ರಿಂದ 2.8%ಕ್ಕೆ ಇಳಿದಿತ್ತು. ಆಗ ಇದನ್ನು ಹುಚ್ಚುಸಾಹಸ ಎಂದವರಿದ್ದರು. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಉಪಕೇಂದ್ರದ ಎಎನ್‌ಎಂ ಸಿಸ್ಟರ್ ನಂಜು ಶಂಕಿತ ಎಳೆಗೂಸಿಗೆ ಜೆಂಟಾಮೈಸಿನ್‌ನ ಮೊದಲ ಡೋಸ್ ಚುಚ್ಚಿ, ಬಾಯಿಗೆ ಅಮಾಕ್ಸಿಸಿಲಿನ್ ಕೊಟ್ಟು, ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ಮಾರ್ಗಸೂಚಿ ಹೊರಡಿಸಿತು. ಮನೆಯವರು ಒಯ್ಯಲು ಒಪ್ಪದಿದ್ದರೆ, ಅಥವಾ ಒಯ್ಯಲು ಸಾಧ್ಯವೇ ಇಲ್ಲದಿದ್ದರೆ, ಏಳು ದಿನದ ಚಿಕಿತ್ಸೆಯನ್ನು ಅಲ್ಲೇ ಮುಗಿಸಬೇಕು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಇದೇ ದಿಕ್ಕಿನ ಸಲಹೆ ಕೊಟ್ಟಿತು. ಸಿಸ್ಟರ್ ಕೈಯ ಒಂದು ಅಗ್ಗದ, ಹಳೆಯ ಔಷಧ, ಸರಿಯಾದ ಹೊತ್ತಿಗೆ: ತೀವ್ರನಿಗಾ ಘಟಕದ ಎಷ್ಟೋ ದುಬಾರಿ ಸೀಸೆಗಳು ಮಾಡಲಾರದ ಕೆಲಸ.

ಹೊತ್ತಿನ ಪ್ರಶ್ನೆ ಇಲ್ಲಿ ಭೂಗೋಳದ ಪ್ರಶ್ನೆಯೂ ಹೌದು. ಹನೂರು ಸೀಮೆ 1956ರವರೆಗೆ ಕೊಳ್ಳೇಗಾಲದ ಜೊತೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಯಾವ ಜಿಲ್ಲೆಗೆ ಸೇರಿದರೂ ಇದು ಅದರ ಕೊನೆಯ ಮೂಲೆಯೇ. ಕಾಯಿಲೆ ಬಿಗಡಾಯಿಸಿದರೆ ಹನೂರು, ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆ, ಅಲ್ಲೂ ಆಗದಿದ್ದರೆ ಚಾಮರಾಜನಗರ ಇಲ್ಲವೇ ನೂರು ಕಿಲೋಮೀಟರಿನ ಆಸುಪಾಸಿನ ಮೈಸೂರು. ಬೆಟ್ಟದ ಒಳಗಿನ ಪಡಸಲನತ್ತ, ಇಂಡಿಗನತ್ತದಂಥ ಹಾಡಿ-ಊರುಗಳಿಂದ ರೋಗಿಯನ್ನು ಡೋಲಿ ಕಟ್ಟಿ ಹೊತ್ತು ತರುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರಿನಲ್ಲಿ ಆರಂಭವಾಯಿತಾದರೂ, ಅದು ಓಡಲು ರಸ್ತೆ ಇರಬೇಕಲ್ಲ. ಈ ದೂರ ಏನು ಮಾಡಬಲ್ಲದೆಂಬುದನ್ನು ನಾಡೆಲ್ಲ ಕಂಡದ್ದು 2018ರ ಡಿಸೆಂಬರ್ 14ರಂದು. ರಾಮಾಪುರಕ್ಕೆ ಸಮೀಪದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಕಾಮಗೆರೆ, ಕೊಳ್ಳೇಗಾಲ ದಾಟಿಸಿ ಮೈಸೂರಿನ ಆಸ್ಪತ್ರೆಗಳಿಗೆ ಹಂಚಿದರು, 17 ಮಂದಿ ಉಳಿಯಲಿಲ್ಲ. ಅದು ಕೀಟನಾಶಕದ ವಿಷ, ಸೋಂಕಿನ ಮಾತಲ್ಲ. ಆದರೆ ವಿಷ ಏರಿದವರಿಗೂ ಸೋಂಕು ತಗುಲಿದವರಿಗೂ ಆ ದಾರಿ ಒಂದೇ, ಕಳೆಯುವ ಗಂಟೆಗಳೂ ಅವೇ. ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದ 2,154 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಆನಂದ್ ಕುಮಾರ್ ಮತ್ತು ಸಂಗಡಿಗರು ಕೆನಡಾದಿಂದ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಆರು ಗಂಟೆಗಳಲ್ಲಿ ಸರಿಯಾದ ಆ್ಯಂಟಿಬಯಾಟಿಕ್ ಒಂದೊಂದು ಗಂಟೆ ತಡವಾದಾಗಲೂ ಬದುಕುಳಿಯುವ ಪ್ರಮಾಣ ಸರಾಸರಿ 7.6% ತಗ್ಗಿತ್ತು. ನ್ಯೂಯಾರ್ಕ್ ರಾಜ್ಯದ 149 ಆಸ್ಪತ್ರೆಗಳ 2017ರ ಲೆಕ್ಕದಲ್ಲಿ ಈ ನಷ್ಟ ಅಷ್ಟು ಕಡಿದಾಗಿ ಕಾಣಲಿಲ್ಲ, ಆದರೆ ದಿಕ್ಕು ಅದೇ. ಹಾಗಾದರೆ ಮೊದಲ ಡೋಸ್ ಬೀಳಬೇಕಾದ್ದು ಮೈಸೂರಿನಲ್ಲಲ್ಲ, ರಾಮಾಪುರದಲ್ಲಿ, ಆಂಬುಲೆನ್ಸ್ ಬಾಗಿಲು ಮುಚ್ಚುವ ಮುನ್ನ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚಿದರೆ ವಾದಕ್ಕೆ ಮರ್ಯಾದೆಯಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸೆಪ್ಸಿಸ್ ಶಂಕೆಯ 2,698 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಫ್ಯಾಂಟಸಿ ಪ್ರಯೋಗದಲ್ಲಿ ಒಂದು ಗುಂಪಿಗೆ ಆಂಬುಲೆನ್ಸಿನಲ್ಲೇ 2 ಗ್ರಾಂ ಸೆಫ್ಟ್ರಿಯಾಕ್ಸೋನ್ ಕೊಟ್ಟರು, ಇನ್ನೊಂದಕ್ಕೆ ಆಸ್ಪತ್ರೆ ತಲುಪಿದ ಮೇಲೆ. 28 ದಿನದ ಸಾವು ಎರಡೂ ಕಡೆ 8%. ಬೇಗ ಕೊಟ್ಟು ಏನೂ ಸಿಗಲಿಲ್ಲ ಎಂದು ಇದನ್ನು ಓದಬಹುದು, ಓದಿದವರೂ ಇದ್ದಾರೆ. ಆದರೆ ಅಲ್ಲಿ ಆಂಬುಲೆನ್ಸಿನ ಡೋಸ್ ಬಿದ್ದದ್ದು ಆಸ್ಪತ್ರೆ ಮುಟ್ಟುವುದಕ್ಕೆ ಸುಮಾರು 26 ನಿಮಿಷ ಮೊದಲು, ಇನ್ನೊಂದು ಗುಂಪಿಗೆ ಆಸ್ಪತ್ರೆ ಮುಟ್ಟಿದ 70 ನಿಮಿಷದ ನಂತರ. ಉಳಿದದ್ದು ಒಂದೂವರೆ ಗಂಟೆ, ಮತ್ತು ರೋಗಿಗಳಲ್ಲಿ ರಕ್ತದೊತ್ತಡ ಕುಸಿದವರು ತೀರಾ ಕೆಲವರು. ಸಪಾಟು ನೆಲದ, ಊರೂರಿಗೆ ಆಸ್ಪತ್ರೆಯಿರುವ ದೇಶದಲ್ಲಿ, ಅಷ್ಟೇನೂ ಹದಗೆಡದ ರೋಗಿಗಳಿಗೆ ಆ ತೊಂಬತ್ತು ನಿಮಿಷ ಲೆಕ್ಕಕ್ಕೆ ಬಾರದಿರಬಹುದು. ಡೋಲಿಯಲ್ಲಿ ಅರ್ಧ ದಿನ, ಜೀಪಿನಲ್ಲಿ ಒಂದು ಗಂಟೆ, ಮೂರು ಆಸ್ಪತ್ರೆಗಳ ಚೀಟಿ ವಿಭಾಗದಲ್ಲಿ ತಲಾ ಮುಕ್ಕಾಲು ಗಂಟೆ ಕಳೆಯುವವರ ಬಗ್ಗೆ ಆ ಪ್ರಯೋಗ ಏನನ್ನೂ ಹೇಳುವುದಿಲ್ಲ. ಅದರಿಂದ ಕಲಿಯಬೇಕಾದ್ದು ಇನ್ನೊಂದಿದೆ: ಜ್ವರ ಬಂದವರಿಗೆಲ್ಲ ಆತುರದ ಸೂಜಿ ಬೇಡ. 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯೂ ಈ ಭೇದವನ್ನು ಒಪ್ಪುತ್ತದೆ. ರಕ್ತದೊತ್ತಡ ಕುಸಿದವರಿಗೆ, ಅಥವಾ ಸೆಪ್ಸಿಸ್ ಎನ್ನುವುದು ಬಹುತೇಕ ಖಚಿತವಾದವರಿಗೆ ಒಂದು ಗಂಟೆಯೊಳಗೆ. ಶಂಕೆ ಮಾತ್ರ ಇದ್ದು ಒತ್ತಡ ಸರಿಯಿದ್ದವರಿಗೆ ಪರೀಕ್ಷೆ ಮಾಡಿ, ಮೂರು ಗಂಟೆಯೊಳಗೆ ತೀರ್ಮಾನ.

ಎರಡನೆಯ ಆಕ್ಷೇಪ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳದು. ಯಾವ ರೋಗಾಣು ಎಂದು ತಿಳಿಯದೆ ಸೂಜಿ ಹಾಕುತ್ತ ಹೋದರೆ ನಾಳೆ ಯಾವ ಸೂಜಿಯೂ ಉಳಿಯುವುದಿಲ್ಲ ಎಂಬುದು ಬರಿಯ ಹೆದರಿಕೆಯಲ್ಲ. 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಸಾವುಗಳಿಗೆ ನೇರ ಕಾರಣ ಈ ಪ್ರತಿರೋಧ ಎಂಬ ಅಂದಾಜಿದೆ. ಭಾರತದ ದೊಡ್ಡ ಆಸ್ಪತ್ರೆಗಳ ಮಾದರಿಗಳಲ್ಲಿ ಇ. ಕೋಲೈಯ ಬಹುಪಾಲು ತಳಿಗಳು ಸೆಫ್ಟ್ರಿಯಾಕ್ಸೋನ್ ಗುಂಪಿಗೆ ಬಗ್ಗುತ್ತಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಗಳು ಹೇಳುತ್ತ ಬಂದಿವೆ. ಹಾಗಿದ್ದರೆ ರಾಮಾಪುರದ ಮೊದಲ ಡೋಸೇ ವ್ಯರ್ಥವಲ್ಲವೇ? ಎರಡು ಉತ್ತರಗಳಿವೆ. ಆ ಮಾದರಿಗಳು ಹತ್ತಾರು ಆಸ್ಪತ್ರೆ ಸುತ್ತಿ, ಹಲವು ಔಷಧ ತಿಂದು, ಕೊನೆಗೆ ಅಲ್ಲಿಗೆ ಬಂದು ಸೇರಿದವರವು. ಹಳ್ಳಿಯಿಂದ ನೇರವಾಗಿ ಬಂದವರ ಮೈಯ ಬ್ಯಾಕ್ಟೀರಿಯಾ ಅಷ್ಟೇ ಪಳಗಿದ್ದು ಎಂದು ಭಾವಿಸಬೇಕಿಲ್ಲ. ಎರಡನೆಯದು ಹೆಚ್ಚು ಮುಖ್ಯ: ಪ್ರತಿರೋಧವನ್ನು ಬೆಳೆಸುತ್ತಿರುವುದು ಸಾಯುವ ಹಂತದ ಕೆಲವರಿಗೆ ಬೀಳುವ ಒಂದು ಡೋಸ್ ಅಲ್ಲ, ನೆಗಡಿ-ಕೆಮ್ಮು-ಮೈಕೈ ನೋವಿಗೆ ದಿನವೂ ಬೀಳುವ ನೂರಾರು. ಆ ನೂರನ್ನು ನಿಲ್ಲಿಸಿದರೆ ಈ ಒಂದಕ್ಕೆ ಜಾಗ ತಾನಾಗಿ ಆಗುತ್ತದೆ. ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯಂತೆ ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್‌ನಂಥವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಮೆಡಿಕಲ್ ಸ್ಟೋರಿನವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿತು. ಪೆನಿಸಿಲಿನ್, ಆಂಪಿಸಿಲಿನ್, ಜೆಂಟಾಮೈಸಿನ್, ಅಮಿಕಾಸಿನ್ ಎಲ್ಲೆಡೆ ಸಿಗಬೇಕಾದವು. ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಕಣ್ಣಿಟ್ಟು ಬಳಸಬೇಕಾದವು. ಕೊಲಿಸ್ಟಿನ್ ಕೊನೆಯ ಗಳಿಗೆಗೆ ಕಾದಿರಿಸಬೇಕಾದದ್ದು. ಗಮನಿಸಬೇಕಾದ ಮಾತೆಂದರೆ ಎಳೆಗೂಸುಗಳನ್ನು ಉಳಿಸಿದ ಜೆಂಟಾಮೈಸಿನ್ ಇರುವುದು ಮೊದಲ ಗುಂಪಿನಲ್ಲಿ. ಹೊಸದೇ ಮೇಲು, ದುಬಾರಿಯೇ ಮೇಲು ಎಂಬುದು ಸೂಜಿಯೇ ಮೇಲು ಎಂಬ ನಂಬಿಕೆಯ ಅಣ್ಣ.

ಮೂರನೆಯ ಆಕ್ಷೇಪ ಸುರಕ್ಷತೆಯದು, ಇದು ಹಳ್ಳಿಯ ವೈದ್ಯರನ್ನು ನಿಜಕ್ಕೂ ಕಾಡುವಂಥದ್ದು. ಪೆನಿಸಿಲಿನ್ ಕೊಟ್ಟ ಹತ್ತು ಸಾವಿರದಲ್ಲಿ ಒಬ್ಬರಿಂದ ಐವರಿಗೆ ಉಸಿರುಕಟ್ಟಿ ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿ ಆಗಬಹುದು. ಒಂದು ಸಾವಾದರೆ ಆಸ್ಪತ್ರೆಯ ಮುಂದೆ ಜನ ಸೇರುತ್ತಾರೆ, ಸಾಯಬಹುದಾಗಿದ್ದ ನೂರು ಜನ ಬದುಕಿದ್ದನ್ನು ಯಾರೂ ಎಣಿಸುವುದಿಲ್ಲ. ಆದ್ದರಿಂದ ‘ಮುಂದಕ್ಕೆ ಕರೆದುಕೊಂಡು ಹೋಗಿ’ ಎಂದು ಚೀಟಿ ಬರೆಯುವುದೇ ಕ್ಷೇಮವಾಗಿ ಕಾಣುತ್ತದೆ. ಇದಕ್ಕೆ ಮದ್ದು ಸೂಜಿಯನ್ನು ತಡೆಯುವುದಲ್ಲ, ಅಡ್ರಿನಲಿನ್ ಆಂಪುಲನ್ನು ಕೈಗೆಟುಕುವಲ್ಲಿ ಇಡುವುದು. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ, ತಡಮಾಡದೆ. ಚರ್ಮದೊಳಗೆ ಒಂದು ಗುಳ್ಳೆ ಎಬ್ಬಿಸಿ ನೋಡುವ ‘ಟೆಸ್ಟ್ ಡೋಸ್’ ಪದ್ಧತಿ ಸೆಫ್ಟ್ರಿಯಾಕ್ಸೋನ್ ವಿಷಯದಲ್ಲಿ ಅಷ್ಟೇನೂ ನೆಚ್ಚಿಕೆಯದಲ್ಲ. ಹಿಂದೆ ಯಾವ ಔಷಧಕ್ಕೆ ಏನಾಗಿತ್ತು ಎಂದು ರೋಗಿಯನ್ನೂ ಮನೆಯವರನ್ನೂ ಕೇಳುವುದು, ಸೂಜಿಯ ನಂತರ ಅರ್ಧ ಗಂಟೆ ಕೂರಿಸಿಕೊಳ್ಳುವುದು ಅದಕ್ಕಿಂತ ಉಪಯುಕ್ತ. ಅಲರ್ಜಿಗಿಂತ ಹೆಚ್ಚಾಗಿ ತಪ್ಪಿಸಬಹುದಾದ ಅಪಾಯಗಳಿರುವುದು ಸೂಜಿ ಕೊಡುವ ಕ್ರಮದಲ್ಲಿ. ಸ್ನಾಯುವಿಗೆ ಕೊಡುವಾಗ ನೋವಾಗದಿರಲೆಂದು ಲಿಗ್ನೊಕೇನ್‌ನಲ್ಲಿ ಕರಗಿಸಿದ ಸೆಫ್ಟ್ರಿಯಾಕ್ಸೋನನ್ನು ಮರೆತೂ ರಕ್ತನಾಳಕ್ಕೆ ಹಾಕಬಾರದು. ಕ್ಯಾಲ್ಸಿಯಂ ಇರುವ ರಿಂಗರ್ಸ್ ಲ್ಯಾಕ್ಟೇಟಿನಂಥ ದ್ರವದ ಜೊತೆ ಅದನ್ನು ಬೆರೆಸಿದರೆ ಹರಳುಗಟ್ಟುತ್ತದೆ, ನವಜಾತ ಶಿಶುಗಳು ಇದರಿಂದ ಸತ್ತದ್ದುಂಟು. ಜೆಂಟಾಮೈಸಿನ್, ಅಮಿಕಾಸಿನ್ ದಿನ ಮೀರಿದರೆ ಮೂತ್ರಪಿಂಡಕ್ಕೂ ಕಿವಿಗೂ ಕೇಡು.

ಔಷಧದ ಕೊರತೆ ಇದೆಯೇ ಎಂದರೆ, ದೇಶದ ಮಟ್ಟದಲ್ಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ 1950ರ ದಶಕದಲ್ಲೇ ಪೆನಿಸಿಲಿನ್ ತಯಾರಿಸತೊಡಗಿತು. ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ 1981ರಲ್ಲಿ ಕೇಂದ್ರ ಮತ್ತು ರಾಜ್ಯಗಳ ಪಾಲುದಾರಿಕೆಯಲ್ಲಿ ಹುಟ್ಟಿ ಚುಚ್ಚುಮದ್ದಿನ ಸೀಸೆಗಳನ್ನು ಮಾಡುತ್ತ ಬಂದಿದೆ. ಕೊನೆಯ ಆಸ್ಪತ್ರೆಯ ಕಪಾಟಿನಲ್ಲಿ, ರಾತ್ರಿ ಎರಡು ಗಂಟೆಗೆ, ಕರಗಿಸುವ ನೀರಿನೊಂದಿಗೆ ಆ ಸೀಸೆ ಇದೆಯೇ, ಅದನ್ನು ತೆಗೆಯುವ ಅಧಿಕಾರ ಪಾಳಿಯಲ್ಲಿರುವ ಸಿಸ್ಟರ್‌ಗೆ ಇದೆಯೇ ಎಂಬುದು ಬೇರೆ ಪ್ರಶ್ನೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಹಗಲೂ ರಾತ್ರಿ ತೆರೆದಿಡಬಹುದೆಂಬುದಕ್ಕೆ ಯಳಂದೂರಿನ ಗುಂಬಳ್ಳಿಯ ನಿದರ್ಶನವಿದೆ. 1996ರಲ್ಲಿ ಅದರ ನಿರ್ವಹಣೆಯನ್ನು ಸರ್ಕಾರ ಕರುಣಾ ಟ್ರಸ್ಟಿಗೆ ವಹಿಸಿತು, ಮುಂದೆ ಹಲವು ರಾಜ್ಯಗಳು ಆ ಮಾದರಿಯನ್ನು ನೋಡಿದವು.

ಮೊದಲ ಡೋಸಿನ ನಂತರದ ಕೆಲಸವೂ ಚಿಕಿತ್ಸೆಯ ಭಾಗವೇ. ಸಾಧ್ಯವಿದ್ದಲ್ಲಿ ಸೂಜಿಗೆ ಮೊದಲು, ಯಾವ ರೋಗಾಣು ಎಂದು ತಿಳಿಯಲು, ರಕ್ತದ ಕಲ್ಚರ್ ಬಾಟಲಿ ತುಂಬಿ ರೋಗಿಯ ಜೊತೆಗೇ ಕಳಿಸಬೇಕು. ಬಾಟಲಿ ಇಲ್ಲವೆಂದು ಸೂಜಿ ತಡೆಯಬಾರದು. ಕಳಿಸುವ ಚೀಟಿಯಲ್ಲಿ ಬರೆಯುವುದು ಸಾಮಾನ್ಯವಾಗಿ ‘ಜ್ವರ, ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಎರಡು ಮಾತು. ಅದರ ಬದಲು ಔಷಧದ ಹೆಸರು, ಗ್ರಾಂ ಎಷ್ಟು, ರಕ್ತನಾಳಕ್ಕೋ ಸ್ನಾಯುವಿಗೋ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಬರೆದರೆ ಕೊಳ್ಳೇಗಾಲದಲ್ಲೋ ಮೈಸೂರಿನಲ್ಲೋ ಕಾದಿರುವ ವೈದ್ಯರು ಎರಡನೆಯ ಡೋಸಿನ ಹೊತ್ತನ್ನು ಲೆಕ್ಕ ಹಾಕಬಲ್ಲರು, ಅದೇ ಔಷಧವನ್ನು ಗಂಟೆಯೊಳಗೆ ಮತ್ತೆ ಹಾಕುವ ತಪ್ಪು ಮಾಡುವುದಿಲ್ಲ. ಎರಡು-ಮೂರು ದಿನಕ್ಕೆ ಕಲ್ಚರ್ ವರದಿ ಬಂದ ಮೇಲೆ ಔಷಧದ ವ್ಯಾಪ್ತಿಯನ್ನು ಆ ರೋಗಾಣುವಿಗಷ್ಟೇ ಕಿರಿದುಗೊಳಿಸುವುದೋ, ನಿಲ್ಲಿಸುವುದೋ, ಜ್ವರ ಇಳಿದು ಊಟ ಸೇರುತ್ತಿದ್ದರೆ ಮಾತ್ರೆಗೆ ಬದಲಿಸುವುದೋ ಎಂದು ತೀರ್ಮಾನವಾಗುತ್ತದೆ. ಕೈಯ ಕ್ಯಾನುಲಾ ತೆಗೆದು ಮಾತ್ರೆ ಬರೆದುಕೊಟ್ಟಾಗ ಮನೆಯವರು ‘ಇನ್ನೆರಡು ಸೂಜಿ ಹಾಕಿಬಿಡಿ ಡಾಕ್ಟ್ರೇ, ಊರು ದೂರ’ ಎನ್ನುವುದುಂಟು. ಊರು ದೂರವಿರುವವರಿಗೇ ಆ ಮಾತ್ರೆಯ ಪಟ್ಟಿ ಹೆಚ್ಚು ಅನುಕೂಲ. ಅದು ಸೊಂಟದ ಚೀಲದಲ್ಲಿ ಕೂತು ಬೆಟ್ಟದ ಮೇಲಿನ ಮನೆಯವರೆಗೂ ಹೋಗುತ್ತದೆ.